ನಾಲ್ಕನೇ ಅಧ್ಯಾಯ

ದೀಕ್ಷಾಳ ಲೋಟ ಬದಲಾದದ್ದು ಮೂರನೇ ದಿನ.

ಮೊದಲೆರಡು ದಿನ ಅವಳೂ ಎಲ್ಲರ ಹಾಗೆ ಸ್ಟೀಲ್ ಲೋಟದಲ್ಲೇ ಕಾಫಿ ಕುಡಿದಿದ್ದಳು. ವಿಶ್ವವಿದ್ಯಾಲಯದಿಂದ ಬಂದವರು ಐದು ಜನ. ಜೀವವೈವಿಧ್ಯ ಮತ್ತು ಸಂರಕ್ಷಣೆ ಎಂಬ ವಿಷಯದಲ್ಲಿ ಎಂಎಸ್ಸಿ ಕೊನೆಯ ವರ್ಷ ಓದುತ್ತಿದ್ದ ನಾಲ್ವರು, ಅವರ ಗೈಡ್ ಡಾಕ್ಟರ್ ಯಶವಂತ ಒಬ್ಬರು. ಶೃಂಗೇರಿ ತಾಲೂಕಿನ ಕೆಸರುಮಕ್ಕಿಯಲ್ಲಿ ಗಣಪಯ್ಯನವರ ಹೋಂಸ್ಟೇಯಲ್ಲಿ ಇಳಿದುಕೊಂಡಿದ್ದರು. ಊರಿನ ಅರ್ಧ ಜಮೀನು ಗಣಪಯ್ಯನವರದ್ದು. ಪಂಚಾಯಿತಿಯ ಜೀವವೈವಿಧ್ಯ ಸಮಿತಿಗೂ ಅವರೇ ಅಧ್ಯಕ್ಷರು.

ಮೂರನೇ ದಿನ ಬೆಳಿಗ್ಗೆ ತಿಂಡಿ ತಿನ್ನುವಾಗ ಗಣಪಯ್ಯ ಹೇಳಿದರು. "ಕಾಡಿನ ದಾರಿ ತೋರ್ಸಕ್ಕೆ ನಮ್ಮ ತೋಟದ ಆಳು ಶಂಕರಿಗೆ ಹೇಳಿದೀನಿ. ಅವಳಿಗೆ ಗೊತ್ತಿಲ್ಲದ ಮರ ಇಲ್ಲ ಮಾರಾಯ್ರೆ."

ಶಂಕರಮ್ಮ ಬಂದು ಅಂಗಳದ ಆಚೆ ನಿಂತಳು. ಅಂಗಳಕ್ಕೆ ಕಾಲಿಡಲಿಲ್ಲ. ಜಗಲಿಯಲ್ಲಿ ಕುಳಿತಿದ್ದವರನ್ನು ಒಬ್ಬೊಬ್ಬರನ್ನಾಗಿ ನೋಡಿದಳು. ನೋಡಿ ಮೈಮರೆತಳು.

"ಮಗಾ, ಯಾವಾಗ ಬಂದ್ಯೇ?"

ಎಲ್ಲರ ಕೈಯೂ ತಟ್ಟೆಯಲ್ಲಿ ನಿಂತಿತು. ದೀಕ್ಷಾ ಎದ್ದು ಹೋಗಿ ತಾಯಿಯ ಕೈ ಹಿಡಿದಳು. ಅವಳು ಮುಚ್ಚಿಟ್ಟಿರಲಿಲ್ಲ. ಯಾರ ಮಗಳೆಂದು ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಆದರೆ ಒಂದು ಮೈಲಿ ದೂರದಲ್ಲಿ ಮನೆಯಿದ್ದರೂ ಎರಡು ದಿನ ಅವಳು ಆ ಕಡೆ ಹೋಗಿರಲಿಲ್ಲ. ನಾಳೆ ಹೋದರಾಯಿತು ಎಂದು ತನಗೆ ತಾನೇ ಹೇಳಿಕೊಂಡಿದ್ದಳು. ಎರಡು ದಿನ ಬರೀ ವಿದ್ಯಾರ್ಥಿನಿಯಾಗಿ ಇರುವ ಆಸೆ ಅದು. ಆ ಆಸೆಯ ಬಗ್ಗೆ ಅವಳಿಗೀಗ ನಾಚಿಕೆಯಾಯಿತು.

ಗಣಪಯ್ಯನವರ ಹೆಂಡತಿ ಸುಬ್ಬಲಕ್ಷ್ಮಿ ಬಾಗಿಲಲ್ಲಿ ನಿಂತು ನಕ್ಕರು. "ಎಂತ ಮಾರಾಯ್ತಿ, ನೀ ಶಂಕರಿ ಮಗಳಾ? ಹೇಳಲೇ ಇಲ್ವಲ್ಲೇ!" ನಿನ್ನೆಯವರೆಗೆ ಅವರು ದೀಕ್ಷಾಳನ್ನು ನೀವು ಎನ್ನುತ್ತಿದ್ದರು.

ಸಂಜೆ ಕಾಫಿ ಬಂತು. ತಟ್ಟೆಯಲ್ಲಿ ನಾಲ್ಕು ಸ್ಟೀಲ್ ಲೋಟ. ಒಂದು ಪೇಪರ್ ಕಪ್ಪು. ಸುಬ್ಬಲಕ್ಷ್ಮಿ ಲೋಟಗಳನ್ನು ಉಳಿದ ನಾಲ್ವರ ಕೈಗೆ ಕೊಟ್ಟರು. ಪೇಪರ್ ಕಪ್ಪನ್ನು ದೀಕ್ಷಾಳ ಪಕ್ಕ ಜಗಲಿಯ ಕಟ್ಟೆಯ ಮೇಲಿಟ್ಟರು. "ಬಿಸಿ ಇದೆ, ನಿಧಾನ," ಎಂದರು. ಪಕ್ಕದಲ್ಲಿ ಕುಳಿತಿದ್ದ ಸಹಪಾಠಿ ಅನನ್ಯ ಅದನ್ನು ನೋಡಿದಳು. ನೋಡಿ ಮೊಬೈಲಿಗೆ ತಲೆ ಬಗ್ಗಿಸಿದಳು.

ಆಮೇಲೆ ದೀಕ್ಷಾಳ ಹಾಸಿಗೆಯೂ ಬದಲಾಯಿತು. ಅನನ್ಯಳ ಜೊತೆಗಿದ್ದ ಅವಳ ಬ್ಯಾಗನ್ನು ಯಾರೋ ಹೊರಗಿನ ಕೋಣೆಗೆ ಸಾಗಿಸಿದ್ದರು. ಅಲ್ಲಿ ಗೊಬ್ಬರದ ಚೀಲ ಇದ್ದವು, ಔಷಧಿ ಹೊಡೆಯುವ ಪಂಪು ಇತ್ತು. ಅವಳು ನೇರ ಯಶವಂತರ ಹತ್ತಿರ ಹೋದಳು. ಅವರು ತರಗತಿಯಲ್ಲಿ ಮೊದಲ ದಿನ ತೋರಿಸಿದ ಸ್ಲೈಡಿನಲ್ಲಿ 'ಸಮುದಾಯವಿಲ್ಲದೆ ಸಂರಕ್ಷಣೆಯಿಲ್ಲ' ಎಂದಿತ್ತು. ಅದನ್ನು ಅವಳು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದುಕೊಂಡಿದ್ದಳು.

ಯಶವಂತ ತಲೆ ಕೆರೆದುಕೊಂಡರು. "ನೋಡು ದೀಕ್ಷಾ, ನಾವಿಲ್ಲಿ ಸಮಾಜ ತಿದ್ದೋಕೆ ಬಂದಿಲ್ಲ. ಡೇಟಾ ತಗೊಂಡು ಹೋಗೋಕೆ ಬಂದಿದೀವಿ. ಅವರು ಊಟ, ರೂಮು ಎಲ್ಲ ಪುಕ್ಕಟೆ ಕೊಟ್ಟಿದಾರೆ. ಸ್ವಲ್ಪ ಅಡ್ಜಸ್ಟ್ ಮಾಡ್ಕೊ."

"ಯಾರಿಗೆ ಸರ್ ಅಡ್ಜಸ್ಟ್ ಮಾಡ್ಕೊಳ್ಳೋದು? ಆ ಕಪ್ಪಿಗಾ?"

ಅವಳು ಬ್ಯಾಗು ಹೆಗಲಿಗೆ ಹಾಕಿಕೊಂಡು ತಾಯಿಯ ಮನೆಗೆ ನಡೆದಳು.

ಗುಡ್ಡದ ಬುಡದಲ್ಲಿ ಹಸಲರು ಎಂಬ ಬುಡಕಟ್ಟಿನವರ ಹನ್ನೊಂದು ಮನೆಗಳ ಕಾಲೊನಿ. ಯಾವ ಮನೆಗೂ ಹಕ್ಕುಪತ್ರ ಇಲ್ಲ. ಅರಣ್ಯ ಹಕ್ಕಿಗಾಗಿ ಹಾಕಿದ ಅರ್ಜಿಗಳು ಯಾವುದೋ ಕಚೇರಿಯ ಕಪಾಟಿನಲ್ಲಿವೆ. ದೀಕ್ಷಾ ಆರು ವರ್ಷಕ್ಕೇ ಆಶ್ರಮ ಶಾಲೆ ಸೇರಿದವಳು. ಅದಕ್ಕೇ ಗಣಪಯ್ಯನವರ ಮನೆಯಲ್ಲಿ ಯಾರಿಗೂ ಅವಳ ಗುರುತು ಹತ್ತಿರಲಿಲ್ಲ. ಆಮೇಲೆ ಕೊಪ್ಪದ ಹಾಸ್ಟೆಲ್ಲು, ಬಾಳಗಡಿಯ ಕಾಲೇಜು. ಅಪ್ಪ ಗಣಪಯ್ಯನವರ ತೋಟದಲ್ಲಿ ಅಡಿಕೆ ಗೊನೆ ಇಳಿಸುವಾಗ ಮರದಿಂದ ಬಿದ್ದು ಸತ್ತ. ಅವ್ವ ಅದೇ ತೋಟಕ್ಕೆ ಇವತ್ತಿಗೂ ಕೆಲಸಕ್ಕೆ ಹೋಗುತ್ತಾಳೆ. ಎಂಎಸ್ಸಿಗೆ ಸೀಟು ಸಿಕ್ಕಾಗ ತರಗತಿಯಲ್ಲಿ ಹಿಂದಿನಿಂದ ಕೇಳಿದ ಮೊದಲ ಮಾತು 'ಕೋಟಾ'. ಅವಳು ತಿರುಗಿ ನೋಡಿರಲಿಲ್ಲ. ಮೊದಲ ಸೆಮಿಸ್ಟರಿನಲ್ಲಿ ಗಿಡ ಗುರುತಿಸುವ ಪರೀಕ್ಷೆ ನಡೆಯಿತು. ಐವತ್ತರಲ್ಲಿ ನಲವತ್ತೊಂಬತ್ತು ಹೆಸರು ಸರಿ ಬರೆದವಳು ಅವಳೊಬ್ಬಳೇ. ಆಮೇಲೆ ಆ ಮಾತು ಕಡಿಮೆಯಾಯಿತು. ನಿಲ್ಲಲಿಲ್ಲ.

ಕಾಲೊನಿಯ ಮೇಲಿನ ಕಣಿವೆಯಲ್ಲಿ ಒಂದು ಹಡ್ಲು ಇದೆ. ವರ್ಷವಿಡೀ ನೀರು ನಿಲ್ಲುವ ಜೌಗು. ಅದರೊಳಗೆ ರಾಮಪತ್ರೆ ಜಾತಿಯ ಮರಗಳು. ಕಾಯೊಳಗಿನ ಬೀಜ ಸುತ್ತಿದ ಪತ್ರೆ ಮಸಾಲೆಗೆ ಮಾರಾಟವಾಗುತ್ತದೆ. ತೊಗಟೆ ಕೆತ್ತಿದರೆ ರಕ್ತದಂಥ ಕೆಂಪು ರಸ ಬರುತ್ತದೆ. ಬೇರುಗಳು ಕೆಸರಿನಿಂದ ಮೇಲೆದ್ದು ಮೊಣಕಾಲಿನ ಹಾಗೆ ಮಡಿಚಿಕೊಂಡು ಮತ್ತೆ ಕೆಸರಿಗಿಳಿಯುತ್ತವೆ. ಇಂಥ ಕಾಡು ಪಶ್ಚಿಮಘಟ್ಟದಲ್ಲಿ ಅಲ್ಲಲ್ಲಿ ಚೂರುಪಾರು ಉಳಿದಿದೆ ಎಂದು ಯಶವಂತ ಪಾಠ ಮಾಡಿದಾಗ ದೀಕ್ಷಾ ಕೈಯೆತ್ತಿ ಹೇಳಿದ್ದಳು. "ಸರ್, ಅದು ನಮ್ಮನೆ ಹಿಂದೆ ಇದೆ." ಯಶವಂತ ಮುಂದಿನ ವಾರವೇ ಕಾರು ಹತ್ತಿ ಬಂದು ನೋಡಿದರು. ಕುಣಿದಾಡಿದರು. ನಾಲ್ವರ ಪ್ರಬಂಧಕ್ಕೂ ಅಲ್ಲೇ ವಿಷಯ ಹಂಚಿದರು. ಒಬ್ಬರಿಗೆ ಕಪ್ಪೆ, ಒಬ್ಬರಿಗೆ ಏರೋಪ್ಲೇನ್ ಚಿಟ್ಟೆ, ಅನನ್ಯಳಿಗೆ ಹಕ್ಕಿ. ದೀಕ್ಷಾಳಿಗೆ ನೀರು ಮತ್ತು ಸಸಿ.

ಉಳಿದವರು ಹದಿನೈದು ದಿನಕ್ಕೆ ಹೊರಟರು. ದೀಕ್ಷಾ ಮೂರು ತಿಂಗಳು ಉಳಿದಳು.

ನಲವತ್ತು ಪಿವಿಸಿ ಕೊಳವೆ. ಒಂದೊಂದನ್ನೂ ಕೆಸರಿನಲ್ಲಿ ನೆಟ್ಟಗೆ ಇಳಿಸಬೇಕು. ಹಡ್ಲಿನ ಕೆಸರು ಕಾಲನ್ನು ತೊಡೆಯವರೆಗೆ ನುಂಗುತ್ತದೆ. ಒಂದು ಕಾಲು ಕಿತ್ತರೆ ಇನ್ನೊಂದು ಇಳಿಯುತ್ತದೆ. ಕೈಯಲ್ಲಿ ಟೇಪು, ಬಾಯಲ್ಲಿ ಪೆನ್ನು. ಬೆರಳ ಸಂದಿಯಲ್ಲಿ ರಕ್ತ ಹೀರುವ ಇಂಬಳ. ಬೆಳಿಗ್ಗೆ ಆರಕ್ಕೆ ಶುರು ಮಾಡಿದರೆ ನಲವತ್ತನೇ ಕೊಳವೆಯ ನೀರಿನ ಮಟ್ಟ ಬರೆದುಕೊಳ್ಳುವಾಗ ಹನ್ನೊಂದು ಗಂಟೆ. ಆಮೇಲೆ ಹತ್ತು ಮೀಟರಿನ ಚೌಕದಲ್ಲಿ ಹಗ್ಗ ಕಟ್ಟಿ ಸಸಿ ಎಣಿಸುವುದು. ಬೆನ್ನು ಬಗ್ಗಿದ್ದು ಬಗ್ಗಿದ ಹಾಗೇ. ಶಂಕರಮ್ಮ ಸಾಮಾನಿನ ಪೆಟ್ಟಿಗೆ ತಲೆ ಮೇಲೆ ಹೊತ್ತು ಮುಂದೆ ನಡೆಯುತ್ತಿದ್ದಳು. ಅವಳ ಕಾಲು ಮಾತ್ರ ಎಲ್ಲೂ ಹೂತುಹೋಗುತ್ತಿರಲಿಲ್ಲ. ಯಾವ ಬೇರಿನ ಮೇಲೆ ಕಾಲಿಡಬೇಕೆಂದು ಅವಳಿಗೆ ಗೊತ್ತಿತ್ತು.

"ಇದು ಮರದ ಮೂಗು," ಎಂದು ಮಡಿಚಿದ ಬೇರನ್ನು ಮುಟ್ಟಿ ತೋರಿಸಿದಳು. "ನೀರು ತುಂಬಿದ್ರೆ ಇದ್ರಲ್ಲಿ ಉಸಿರು ಬಿಡತ್ತೆ. ನೀರೇ ಹೋದ್ರೆ ಬೇರು ಸುಟ್ಟು ಹೋಗತ್ತೆ."

ಪುಸ್ತಕದಲ್ಲಿ ಎರಡು ಪುಟ ಇದ್ದ ವಿಷಯ. ಅವ್ವ ಮೂರು ಮಾತಿನಲ್ಲಿ ಮುಗಿಸಿದ್ದಳು.

"ಪತ್ರೆ ಎಷ್ಟು ಕೊಯ್ತೀರಿ ಅವ್ವ?"

"ಕೊಯ್ಯೋದು ಯಾರು? ಬಿದ್ದಿದ್ದು ಹೆಕ್ಕೋದು. ಅದ್ರಲ್ಲೂ ಅರ್ಧ ಬಿಟ್ಟು ಬರ್ತೀವಿ. ಮಂಗಟ್ಟೆ ಹಕ್ಕಿಗೆ ಬೇಕಲ್ಲ. ಅದು ತಿಂದು ಉಗುಳಿದ್ರೇನೆ ಹೊಸ ಮರ."

ಏಪ್ರಿಲ್ ಮೊದಲ ವಾರ ಮೇಲ್ಭಾಗದ ಕೊಳವೆಗಳಲ್ಲಿ ನೀರು ಇಳಿಯತೊಡಗಿತು. ದಿನಕ್ಕೊಂದು ಬೆರಳಿನಷ್ಟು. ಬೇಸಿಗೆಗೆ ಇಳಿಯುವುದಾದರೆ ಎಲ್ಲ ಕೊಳವೆಯಲ್ಲೂ ಇಳಿಯಬೇಕಿತ್ತು. ಕೆಳಗಿನ ಹಳ್ಳ ಸೇರುವ ಕಡೆ ನೀರು ನಿಂತೇ ಇತ್ತು. ಮೇಲಿನ ಹದಿನೆಂಟು ಕೊಳವೆ ಮಾತ್ರ ಒಣಗಿದವು. ಅಲ್ಲಿ ಕೆಸರು ಬಿರಿಯಿತು. ಮಡಿಚಿದ ಬೇರುಗಳ ತೊಗಟೆ ಸುಲಿದು ಬಿತ್ತು.

"ಅವ್ವ, ಮೇಲೆ ಏನಿದೆ?"

"ಏನಿಲ್ಲ. ಅಲ್ಲಿ ಹೋಗೋದು ಬೇಡ."

ದೀಕ್ಷಾ ಹೋದಳು. ನೀರಿನ ಸೆಲೆ ಹುಟ್ಟುವ ಜಾಗದಲ್ಲಿ ಅಡ್ಡಕ್ಕೆ ಸಿಮೆಂಟಿನ ಕಟ್ಟೆ. ಅದರ ಬುಡದಿಂದ ತೋಳು ದಪ್ಪದ ಕರಿ ಪೈಪು. ಮೇಲೆ ಒಣಗಿದ ಎಲೆಗಳ ದರಗು ಮುಚ್ಚಿದ್ದರು. ದರಗು ಸರಿಸುತ್ತ ಸರಿಸುತ್ತ ಅವಳು ಗುಡ್ಡ ಇಳಿದಳು. ಪೈಪು ಪ್ಲಾಸ್ಟಿಕ್ ಹಾಸಿದ ದೊಡ್ಡ ಹೊಂಡಕ್ಕೆ ಬಂದು ಬಿದ್ದಿತ್ತು. ಹೊಂಡದ ಸುತ್ತ ಹೊಸದಾಗಿ ಬೋಳಿಸಿದ ಗುಡ್ಡ. ಸಾಲಾಗಿ ಅಡಿಕೆ ಸಸಿ. ತಂತಿಬೇಲಿಯಲ್ಲಿ ಬೋರ್ಡಿತ್ತು. ಗಣಪಯ್ಯನವರ ಹೆಸರು.

ಫೋಟೋ ತೆಗೆದಳು. ಜಿಪಿಎಸ್ಸಿನಲ್ಲಿ ಜಾಗ ಗುರುತಿಸಿದಳು. ಕಟ್ಟೆ ನಿಂತಿದ್ದದ್ದು ಮೀಸಲು ಅರಣ್ಯದೊಳಗೆ.

ವಾಪಸ್ ಬಂದಾಗ ಶಂಕರಮ್ಮ ಪೆಟ್ಟಿಗೆಯ ಪಕ್ಕ ಕುಕ್ಕರುಗಾಲಲ್ಲಿ ಕುಳಿತಿದ್ದಳು. ತಲೆಯೆತ್ತಲಿಲ್ಲ.

"ನಿಂಗೆ ಗೊತ್ತಿತ್ತು."

"ಹೊತ್ತೋಳೇ ನಾನು ಮಗಾ. ಹೋದ್ವರ್ಷ. ಆ ಪೈಪನ್ನ ಗುಡ್ಡಕ್ಕೆ ಹೊತ್ತಿದ್ದು ನಾವು ಆರು ಹೆಂಗಸ್ರು. ಕಟ್ಟೆಗೆ ಮರಳು ಹೊತ್ತಿದ್ದೂ ನಾವೇ. ಒಡೇರು ಹೊರಿ ಅಂದ್ರು, ಹೊತ್ವಿ. ಈ ಬೇಸಿಗೇಲಿ ಪೈಪಿಗೆ ನೀರು ತಿರುಗ್ಸಿದ ದಿನ ನಂಗೆ ಗೊತ್ತಾಯ್ತು, ಈ ಮರ ಸಾಯತ್ತೆ ಅಂತ. ಬಾಯಿ ಬಿಟ್ರೆ ಮಾರನೇ ದಿನ ಕೆಲಸ ಇಲ್ಲ."

ದೀಕ್ಷಾಳಿಗೆ ಸಿಟ್ಟು ನೆತ್ತಿಗೇರಿತು. ಮೊದಲು ಬಂದದ್ದು ಅವ್ವನ ಮೇಲೆ. ಒಂದು ಮಾತು ಹೇಳಬಾರದಿತ್ತಾ? ಆದರೆ ಅವ್ವನ ನೆತ್ತಿಯಲ್ಲಿ ಹೊರೆ ಹೊತ್ತು ಹೊತ್ತು ಕೂದಲು ಉದುರಿದ ಬಿಲ್ಲೆಯಗಲದ ಜಾಗ ಕಂಡಿತು. ಮತ್ತೆ ಕೆಸರಿಗಿಳಿದು ಸಸಿ ಎಣಿಸಿದಳು. ನೀರಿದ್ದ ಭಾಗದಲ್ಲಿ ಇನ್ನೂರ ಹದಿನಾಲ್ಕು ಸಸಿ ಬದುಕಿದ್ದವು. ನೀರು ಹೋದ ಭಾಗದಲ್ಲಿ ಒಂಬತ್ತು. ಎರಡೂ ಕಡೆ ಪತ್ರೆ ಹೆಕ್ಕುವವರು ಅದೇ ಜನ.

ಇದನ್ನೇ ಅವಳು ಪ್ರಬಂಧದ ನಾಲ್ಕನೇ ಅಧ್ಯಾಯವಾಗಿ ಬರೆದಳು. ನೀರು ಎಲ್ಲಿ ಹೋಯಿತು, ಯಾರ ಹೊಂಡಕ್ಕೆ ಹೋಯಿತು, ಎಷ್ಟು ಸಸಿ ಸತ್ತಿತು.

ಮೇ ತಿಂಗಳ ಆರಂಭದಲ್ಲಿ ಯಶವಂತ ಅವಳನ್ನು ಚೇಂಬರಿಗೆ ಕರೆದರು. ಪ್ರಬಂಧ ಮೇಜಿನ ಮೇಲಿತ್ತು.

"ಮೊದಲ ಮೂರು ಅಧ್ಯಾಯ ಚೆನ್ನಾಗಿದೆ. ನಾಲ್ಕನೇದು ತೆಗಿ."

"ಯಾಕೆ ಸರ್?"

"ಇದು ಸೈನ್ಸ್ ಅಲ್ಲ, ಕಂಪ್ಲೇಂಟು. ನಾನು ಸಮಿತಿಗೆ ವರದಿ ಕೊಟ್ಟಾಗಿದೆ. ಸ್ಥಳೀಯರು ಪತ್ರೆಯನ್ನ ಅತಿಯಾಗಿ ಸಂಗ್ರಹಿಸ್ತಾ ಇರೋದ್ರಿಂದ ಸಸಿ ಹುಟ್ತಾ ಇಲ್ಲ, ಸುತ್ತ ಬೇಲಿ ಹಾಕ್ಬೇಕು ಅಂತ. ಬೇರೆ ಕಡೆಯ ಅಧ್ಯಯನಗಳಲ್ಲೂ ಅದೇ ಕಾರಣ ಬಂದಿದೆ."

"ಬೇರೆ ಕಡೆ ಇರ್ಬಹುದು. ಇಲ್ಲಿ ಅಲ್ಲ. ನಲವತ್ತು ಕೊಳವೆ ಸರ್. ತೊಂಬತ್ತು ದಿನ. ನೀವೇ ನೋಡಿ."

"ನೋಡಿದೀನಿ." ಯಶವಂತ ಕನ್ನಡಕ ತೆಗೆದರು. ದನಿ ಮೆತ್ತಗಾಯಿತು. "ದೀಕ್ಷಾ, ಗಣಪಯ್ಯನವರು ಇಲ್ದಿದ್ರೆ ನಮಗೆ ಆ ಜಾಗಕ್ಕೆ ಕಾಲಿಡೋಕೆ ಆಗ್ತಿರ್ಲಿಲ್ಲ. ಇನ್ನೂ ಐದು ವರ್ಷದ ಪ್ರಾಜೆಕ್ಟ್ ಅಲ್ಲಿದೆ. ಅವರು ಮುಂದೆ ತಾವೇ ಪೈಪು ತೆಗೀಬಹುದು. ಜಗಳ ಮಾಡಿದ್ರೆ ಹಡ್ಲೂ ಹೋಗತ್ತೆ, ಪ್ರಾಜೆಕ್ಟೂ ಹೋಗತ್ತೆ."

"ಬೇಲಿ ಹಾಕಿದ್ರೆ ಹನ್ನೊಂದು ಮನೆ ಎಲ್ಲಿ ಹೋಗ್ಬೇಕು? ಆ ವರದಿ ತೋರ್ಸಿ ನಮ್ಮ ಅರಣ್ಯ ಹಕ್ಕಿನ ಅರ್ಜಿ ವಜಾ ಮಾಡ್ತಾರೆ."

"ಅದು ನನ್ನ ಸಬ್ಜೆಕ್ಟ್ ಅಲ್ಲ."

"ನಂದು ಅದೇ ಸರ್."

ಅವರು ಪ್ರಬಂಧವನ್ನು ಅವಳತ್ತ ತಳ್ಳಿದರು. "ಡಿಗ್ರಿ ಬೇಕೋ ಬೇಡ್ವೋ ಯೋಚ್ನೆ ಮಾಡು. ನನ್ನ ಸಹಿ ಇಲ್ದೆ ಇದು ಬರೀ ಕಾಗದ."

ಮೇ ಇಪ್ಪತ್ತೆರಡು. ವಿಶ್ವ ಜೀವವೈವಿಧ್ಯ ದಿನ. ಪಂಚಾಯಿತಿ ಸಭಾಂಗಣದಲ್ಲಿ ಜನತಾ ಜೀವವೈವಿಧ್ಯ ದಾಖಲಾತಿಯ ಬಿಡುಗಡೆ. ಊರಿನ ಗಿಡ, ಮರ, ಪ್ರಾಣಿ, ಜನರಿಗಿರುವ ತಿಳಿವಳಿಕೆ ಎಲ್ಲವನ್ನೂ ಬರೆದಿಡುವ ಪುಸ್ತಕ ಅದು. ವೇದಿಕೆಯ ಮೇಲೆ ಗಣಪಯ್ಯ, ಯಶವಂತ, ಇಬ್ಬರು ಅಧಿಕಾರಿಗಳು. ಮುಂದಿನ ಕುರ್ಚಿಗಳಲ್ಲಿ ತೋಟದ ಯಜಮಾನರು. ಕಾಲೊನಿಯ ಹೆಂಗಸರು ಗೋಡೆಗೆ ಆತು ನಿಂತಿದ್ದರು. ಅವರಿಗೆ ಕುರ್ಚಿ ಉಳಿದಿರಲಿಲ್ಲ.

ಶಂಕರಮ್ಮನನ್ನು ವೇದಿಕೆಗೆ ಕರೆದರು. ಜರಿ ಅಂಚಿನ ಶಾಲು ಹೊದಿಸಿದರು. ಫೋಟೋ ತೆಗೆದರು. ಗಣಪಯ್ಯ ಶಾಲನ್ನು ತುದಿಯಲ್ಲಿ ಹಿಡಿದು ದೂರದಿಂದಲೇ ಹೆಗಲ ಮೇಲೆ ಬಿಟ್ಟರು. ಅವರ ಬೆರಳು ಅವಳ ಮೈಗೆ ತಾಗಲಿಲ್ಲ. ಆಮೇಲೆ ಒಬ್ಬ ನೌಕರ ಅವಳ ಎಡಗೈ ಹೆಬ್ಬೆಟ್ಟು ಹಿಡಿದು ಶಾಯಿಯ ಪ್ಯಾಡಿಗೆ ಒತ್ತಿದ. ಮೇಜಿನ ಮೇಲೆ ಇಂಗ್ಲಿಷಿನಲ್ಲಿ ಬರೆದ ಒಪ್ಪಿಗೆ ಪತ್ರ.

ಯಶವಂತ ಮೈಕಿನಲ್ಲಿ ಹೇಳಿದರು. "ನಮ್ಮ ವಿದ್ಯಾರ್ಥಿನಿ ದೀಕ್ಷಾ ಇದೇ ಊರಿನವಳು. ದಾಖಲಾತಿಯ ಸಾರಾಂಶವನ್ನ ಅವಳೇ ಕನ್ನಡದಲ್ಲಿ ಓದ್ತಾಳೆ. ಅಮ್ಮನಿಗೂ ಹೇಳಿ ಹೆಬ್ಬೆಟ್ಟು ಹಾಕಿಸ್ತಾಳೆ." ಮೆಲ್ಲಗೆ ಅವಳ ಕಿವಿಯಲ್ಲಿ ಸೇರಿಸಿದರು. "ಇವತ್ತು ಇದೊಂದು ಮಾಡು. ನಾಳೆನೇ ಸಹಿ ಹಾಕ್ತೀನಿ."

ದೀಕ್ಷಾ ಪುಸ್ತಕ ತೆರೆದಳು. ಅವತ್ತೇ ಮೊದಲ ಸಲ ಅದನ್ನು ನೋಡುತ್ತಿದ್ದದ್ದು. ಅರವತ್ತಮೂರು ಗಿಡಮರಗಳ ಪಟ್ಟಿ. ಯಾವುದು ಯಾವ ಕಾಯಿಲೆಗೆ, ಯಾವ ತಿಂಗಳು ಹೂವು, ಯಾವ ಹಕ್ಕಿ ತಿನ್ನುತ್ತದೆ. ಎಲ್ಲ ಅವ್ವ ಹೇಳಿದ್ದು. ಯಶವಂತರಿಗೆ ತಾನೇ ಬರೆದುಕೊಟ್ಟದ್ದು. ಕೊನೆಯ ಕಾಲಂ 'ಜ್ಞಾನ ಹೊಂದಿರುವವರ ಹೆಸರು'. ಅರವತ್ತಮೂರು ಸಲ ಒಂದೇ ಹೆಸರು ಗಣಪಯ್ಯ. ಹಾಳೆ ತಿರುವಿದಳು. 'ಅಪಾಯಗಳು' ಎಂಬ ಪುಟ. ಅಲ್ಲಿ ಮೊದಲ ಸಾಲಿನಲ್ಲಿ ಹಸಲರ ಕಾಲೊನಿ.

ಮೈಕು ಹಿಡಿದಳು.

"ಓದ್ತೀನಿ," ಎಂದಳು. "ಇದ್ದದ್ದು ಇದ್ದ ಹಾಗೇ ಓದ್ತೀನಿ. ಅವ್ವ, ಕೇಳ್ಸ್ಕೊ."

ಓದಿದಳು. ಒಂದೊಂದು ಮರದ ಹೆಸರು, ಅದರ ಗುಣ, ಕೊನೆಗೆ ಗಣಪಯ್ಯ. ಏಳನೆಯ ಮರಕ್ಕೆ ಗೋಡೆಯ ಬಳಿ ನಿಂತ ಹೆಂಗಸರು ಮುಖ ಮುಖ ನೋಡಿಕೊಂಡರು. ಹತ್ತನೆಯದಕ್ಕೆ ಒಬ್ಬಳು ಜೋರಾಗಿ ಹೇಳಿದಳು. "ಅಯ್ಯೋ, ಬಾಣಂತಿ ಕಷಾಯನೂ ಅವ್ರೇ ಕುದ್ಸಿದ್ರಾ?" ಸಭೆಯಲ್ಲಿ ನಗು ಹೊರಟು ಅಲ್ಲೇ ನಿಂತಿತು.

"ಸಾಕು, ಸಾರಾಂಶ ಸಾಕು," ಎಂದರು ಯಶವಂತ.

ಅವಳು ನಿಲ್ಲಿಸಲಿಲ್ಲ. ಅಪಾಯಗಳ ಪುಟ ಓದಿದಳು. ಒಪ್ಪಿಗೆ ಪತ್ರವನ್ನು ಕೈಗೆತ್ತಿಕೊಂಡು ಸಾಲು ಸಾಲಾಗಿ ಕನ್ನಡಕ್ಕೆ ತಿರುಗಿಸಿದಳು. "ಇದ್ರಲ್ಲಿ ಏನಿದೆ ಗೊತ್ತಾ ಅವ್ವ? ನೀ ಹೇಳಿದ್ದೆಲ್ಲ ಇನ್ಮೇಲೆ ಸಮಿತಿಯ ಸ್ವತ್ತು ಅಂತಿದೆ. ನಾವು ಪತ್ರೆ ಹೆಕ್ಕಿದ್ದಕ್ಕೇ ಮರ ಸತ್ತಿದ್ದು ಅಂತಿದೆ. ಹಡ್ಲಿಗೆ ಬೇಲಿ ಹಾಕೋಕೆ, ನಾವು ಒಳಗೆ ಬರ್ದೇ ಇರೋಕೆ ನಿಂಗೆ ಸಂತೋಷವಾಗಿ ಒಪ್ಪಿಗೆ ಇದೆ ಅಂತಿದೆ. ಪೈಪಿನ ವಿಷಯ ಇಲ್ಲ. ಕಟ್ಟೆಯ ವಿಷಯ ಇಲ್ಲ."

"ಯಾವ ಪೈಪು?" ಕೆಳಗಿನ ಸಾಲಿನಿಂದ ಯಾರೋ ಕೇಳಿದರು.

ಗಣಪಯ್ಯ ಎದ್ದು ನಿಂತರು. "ಏ ಹುಡುಗಿ, ಮೈಕು ಕೆಳಗಿಡು. ಯಾರ ಮನೆ ಅನ್ನ ತಿಂದು ದೊಡ್ಡೋಳಾದೆ ಅನ್ನೋದು ನೆನಪಿರ್ಲಿ."

"ನಿಮ್ಮನೇಲಿ ತಿಂದಿದ್ದು ಎರಡೇ ದಿನ. ಮೂರನೇ ದಿನ ನನ್ನ ಲೋಟ ಬೇರೆ ಮಾಡಿದ್ರಿ."

"ಶಂಕರೀ, ಮಗಳಿಗೆ ಬುದ್ಧಿ ಹೇಳು. ಹೆಬ್ಬೆಟ್ಟು ಒತ್ತಿ ಕೆಳಗಿಳಿ."

ಶಂಕರಮ್ಮ ಶಾಯಿ ಹಚ್ಚಿದ ಹೆಬ್ಬೆಟ್ಟನ್ನು ಗಾಳಿಯಲ್ಲೇ ಹಿಡಿದುಕೊಂಡಿದ್ದಳು. ಜೀವಮಾನದಲ್ಲಿ ಆ ದನಿಗೆ ಅವಳು ಇಲ್ಲ ಎಂದವಳಲ್ಲ. ಗಂಡ ಸತ್ತ ದಿನವೂ ಅಂದಿರಲಿಲ್ಲ. ಅವಳು ಕಾಗದ ನೋಡಿದಳು. ಮಗಳನ್ನು ನೋಡಿದಳು. ಹೆಗಲ ಮೇಲಿನ ಶಾಲನ್ನು ಎಳೆದಳು. ಜರಿ ಅಂಚಿಗೆ ಹೆಬ್ಬೆಟ್ಟು ಉಜ್ಜಿದಳು. ಒಂದು ಸಲ, ಎರಡು ಸಲ, ಮೂರು ಸಲ. ಶಾಯಿ ಪೂರ್ತಿ ಹೋಗುವವರೆಗೆ ಉಜ್ಜಿದಳು. ಶಾಲನ್ನು ಮೇಜಿನ ಮೇಲೆ, ಕಾಗದದ ಮೇಲೇ ಇಟ್ಟಳು.

"ಆಗಲ್ಲ ಒಡೇರೆ," ಎಂದಳು. "ಪೈಪು ಹೊತ್ತಿದೀನಿ. ಈ ಸುಳ್ಳು ಹೊರಕ್ಕಾಗಲ್ಲ."

ಮೈಕು ಅದನ್ನು ಸಭಾಂಗಣಕ್ಕೆಲ್ಲ ಕೇಳಿಸಿತು.

ದಾಖಲಾತಿ ಅವತ್ತು ಬಿಡುಗಡೆಯಾಗಲಿಲ್ಲ. ಆದರೆ ಜೂನ್ ಎರಡನೇ ವಾರ ಅರಣ್ಯ ಕಚೇರಿಯ ಗಾರ್ಡು ಕಾಲೊನಿಗೆ ಬಂದ. ಮಳೆ ಬಿಟ್ಟ ಹೊತ್ತಿನಲ್ಲಿ ಶಂಕರಮ್ಮ ಅಂಗಳದಲ್ಲಿ ರಾಮಪತ್ರೆ ಒಣಗಿಸುತ್ತಿದ್ದಳು. ಕತ್ತಿ ಕಿತ್ತುಕೊಂಡ. ಪತ್ರೆಯನ್ನು ಬುಟ್ಟಿಗೆ ತುಂಬಿಸಿದ. ಸಾಕ್ಷಿಗೆಂದು ಆ ಬುಟ್ಟಿಯನ್ನು ಅವಳ ತಲೆಯ ಮೇಲೇ ಹೊರಿಸಿ ನಾಲ್ಕು ಕಿಲೋಮೀಟರ್ ನಡೆಸಿಕೊಂಡು ಹೋದ. ದಾರಿಯುದ್ದಕ್ಕೂ ತೋಟಗಳಲ್ಲಿ ಜನ ಕೆಲಸ ನಿಲ್ಲಿಸಿ ನೋಡಿದರು. ಅನುಮತಿಯಿಲ್ಲದೆ ಸಂಗ್ರಹ, ಅಪರೂಪದ ಮರಗಳು ಒಣಗಲು ಕಾರಣ. ಹೀಗೆಂದು ಕೇಸು. ದೂರಿನ ಜೊತೆ ಡಾಕ್ಟರ್ ಯಶವಂತರ ವರದಿ.

ದೀಕ್ಷಾ ಅರಣ್ಯ ಕಚೇರಿಗೆ ಓಡಿ ಬಂದು ಪೈಪಿನ ಫೋಟೋ ತೋರಿಸಿದಳು. "ಅದು ಬೇರೆ ವಿಷಯ," ಎಂದರು ಮೇಜಿನ ಹಿಂದಿದ್ದವರು. "ಅದಕ್ಕೆ ಬೇರೆ ಅರ್ಜಿ ಕೊಡಿ. ಈಗ ತಪ್ಪಾಯ್ತು ಅಂತ ಬರ್ದುಕೊಟ್ಟು ದಂಡ ಕಟ್ಟಿದ್ರೆ ಇವತ್ತೇ ಬಿಡ್ತೀವಿ."

"ತಪ್ಪು ಮಾಡಿಲ್ಲ," ಎಂದಳು ಶಂಕರಮ್ಮ. "ಕೋರ್ಟಿಗೇ ಹಾಕಿ." ಕೇಸು ಕೋರ್ಟಿಗೆ ಹೋಯಿತು, ಜಾಮೀನಿಗೆ ಅವ್ವ ಮಗಳು ವಾರಗಟ್ಟಲೆ ಅಲೆದರು.

ಜೂನ್ ಮೂವತ್ತು ಪ್ರಬಂಧ ಸಲ್ಲಿಸುವ ಕೊನೆಯ ದಿನ. ಯಶವಂತ ಸಹಿ ಹಾಕಲಿಲ್ಲ. ಅನನ್ಯಳಿಗೂ ಉಳಿದಿಬ್ಬರಿಗೂ ಡಿಗ್ರಿ ಬಂತು. ಅನನ್ಯ ಒಂದು ಮೆಸೇಜು ಕಳಿಸಿದಳು. 'ಅವತ್ತು ನಾನು ಮಾತಾಡ್ಬೇಕಿತ್ತು.' ದೀಕ್ಷಾ ಅದಕ್ಕೆ ಉತ್ತರ ಬರೆಯಲಿಲ್ಲ. ಬಾಳಗಡಿಯಲ್ಲಿ ಒಂದು ಜೆರಾಕ್ಸ್ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದಳು. ಬೆಳಿಗ್ಗೆ ಒಂಬತ್ತರಿಂದ ಸಂಜೆ ಏಳರವರೆಗೆ ನಿಂತೇ ಇರಬೇಕು. ತನ್ನ ತರಗತಿಯ ಪುಸ್ತಕಗಳನ್ನೇ ಕಿ‍ರಿಯ ಹುಡುಗಿಯರಿಗೆ ಜೆರಾಕ್ಸ್ ಮಾಡಿ ಕೊಟ್ಟಳು. ತೋಟದಲ್ಲಿ ಶಂಕರಮ್ಮನಿಗೆ ಕೆಲಸ ತಪ್ಪಿತು. ಅವಳು ದಿನಾ ಬಸ್ಸು ಹತ್ತಿ ಜಯಪುರದ ಕಡೆ ಕಾಫಿ ತೋಟಗಳಿಗೆ ಹೋಗತೊಡಗಿದಳು.

ನರಸಿಂಹರಾಜಪುರದ ಸರೋಜ ಎಂಬ ವಕೀಲೆ ಕೇಸು ಹಿಡಿದರು. ಕೃಷಿಕರ ಮನೆಯ ಹೆಣ್ಣುಮಗಳು, ಒರಟು ಮಾತಿನವರು. ನಾಲ್ಕನೇ ಅಧ್ಯಾಯವನ್ನು ಎರಡು ಸಲ ಓದಿ ಹೇಳಿದರು. "ಅವರ ವರದಿ ಅವರೇ ಕೋರ್ಟಿಗೆ ತಂದಿದಾರೆ ಕಣೇ. ಹಂಗಾದ್ರೆ ಬರ್ದೋನೂ ಕಟಕಟೆಗೆ ಬರ್ಬೇಕು. ಬರ್ಲಿ."

ಫೆಬ್ರುವರಿಯಲ್ಲಿ ಯಶವಂತ ಬಂದರು. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಫೈಲು. ವರದಿ ತನ್ನದೇ ಎಂದರು. ಅತಿಯಾದ ಸಂಗ್ರಹವೇ ಕಾರಣ ಎಂದರು. ಸರೋಜ ಎದ್ದರು.

"ನೀವು ಆ ಜಾಗದಲ್ಲಿ ಎಷ್ಟು ದಿನ ಇದ್ರಿ?"

"ಹದಿನೈದು ದಿನ."

"ನೀರಿನ ಮಟ್ಟ ಅಳೆದವರು ಯಾರು?"

"ನಮ್ಮ ವಿದ್ಯಾರ್ಥಿನಿ."

"ಎಷ್ಟು ದಿನ?"

"ತೊಂಬತ್ತು."

ಸರೋಜ ಒಂದು ಹಾಳೆ ಮುಂದಿಟ್ಟರು. ಏಪ್ರಿಲ್‌ನಲ್ಲಿ ದೀಕ್ಷಾ ಯಶವಂತರಿಗೆ ಕಳಿಸಿ, ಅವರು ನೋಡಿ ಹಿಂತಿರುಗಿಸಿದ್ದ ನೀರಿನ ಮತ್ತು ಸಸಿಗಳ ಅಳತೆಗಳು. ಪೈಪು ಯಾರದೆಂದು ಅವಳು ಬರೆಯುವುದಕ್ಕೆ ಎರಡು ದಿನ ಮುಂಚಿನದು. ಅಂಚಿನಲ್ಲಿ ಹಸಿರು ಶಾಯಿಯ ಬರಹ. "ಇದನ್ನ ಓದಿ ಹೇಳಿ. ಅಕ್ಷರ ಯಾರದ್ದು ಅಂತಾನೂ ಹೇಳಿ."

ಯಶವಂತ ಹಾಳೆ ನೋಡಿದರು. "ನಂದು."

"ಓದಿ."

"ಅಳತೆ ಬಹಳ ನಿಖರವಾಗಿದೆ. ನೀರು ಇಳಿದಿರುವುದೇ ಸಸಿಗಳ ಸಾವಿಗೆ ಕಾರಣ. ಮೂಲ ಹುಡುಕು."

"ಹುಡುಕಿದಳಲ್ಲ. ಮತ್ತೆ ಅದನ್ನ ವರದಿಯಲ್ಲಿ ಯಾಕೆ ಬರೀಲಿಲ್ಲ?"

ಯಶವಂತ ಕೈಯಲ್ಲಿದ್ದ ಫೈಲು ಮುಚ್ಚಿದರು. ಪ್ರಶ್ನೆಯನ್ನು ಇನ್ನೊಮ್ಮೆ ಕೇಳಲಾಯಿತು. ಸಾಕ್ಷಿ ಉತ್ತರ ಕೊಡಲಿಲ್ಲ ಎಂದು ಟೈಪಾಯಿತು. ಅದರ ಕೆಳಗೆ ಅವರು ಸಹಿ ಹಾಕಿದರು. ಹಿಂದಿನ ಬೆಂಚಿನಲ್ಲಿ ಶಂಕರಮ್ಮ ಮಗಳ ಮೊಣಕೈ ಹಿಡಿದುಕೊಂಡು ಕುಳಿತಿದ್ದಳು. ಉಗುರು ಚುಚ್ಚುತ್ತಿತ್ತು. ದೀಕ್ಷಾ ಕೈ ಬಿಡಿಸಿಕೊಳ್ಳಲಿಲ್ಲ.

ಏಪ್ರಿಲ್‌ನಲ್ಲಿ ತೀರ್ಪು ಬಂತು. ಶಂಕರಮ್ಮ ನಿರಪರಾಧಿ. ವರದಿ ತಯಾರಿಸಿದವರು ತಮಗೆ ಗೊತ್ತಿದ್ದ ಸಂಗತಿ ಮುಚ್ಚಿಟ್ಟಿದ್ದಾರೆ ಎಂಬ ಒಂದು ಸಾಲೂ ಅದರಲ್ಲಿತ್ತು. ಹಡ್ಲಿನ ಸರ್ವೆ ಆಯಿತು. ಕಟ್ಟೆ ಒಡೆಯಲು ಆದೇಶ ಬಂತು. ಗಣಪಯ್ಯ ಮೇಲಿನ ಕೋರ್ಟಿಗೆ ಹೋದರು. ಪೈಪು ಇನ್ನೂ ಅಲ್ಲೇ ಇದೆ. ನೀರು ಇನ್ನೂ ಹೊಂಡಕ್ಕೇ ಬೀಳುತ್ತಿದೆ.

ತೀರ್ಪು ಬಂದ ಹತ್ತನೇ ದಿನ ಜೆರಾಕ್ಸ್ ಅಂಗಡಿಯ ಮುಂದೆ ಒಂದು ಕಾರು ನಿಂತಿತು. ಯಶವಂತ ಇಳಿದರು. ಬೆಳಗಿನ ಹೊತ್ತು, ಅಂಗಡಿಯ ತುಂಬ ಪರೀಕ್ಷೆಯ ಅರ್ಜಿ ಹಿಡಿದ ಹುಡುಗ ಹುಡುಗಿಯರು. ಅವರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

"ದೀಕ್ಷಾ, ಎರಡು ನಿಮಿಷ."

"ಹೇಳಿ ಸರ್."

ಅವರು ದನಿ ತಗ್ಗಿಸಿದರು. "ವಿಶ್ವವಿದ್ಯಾಲಯದಿಂದ ನಂಗೆ ನೋಟಿಸ್ ಬಂದಿದೆ. ನಾನೊಂದು ದಾರಿ ಯೋಚ್ನೆ ಮಾಡಿದೀನಿ. ನಿನ್ನ ಪ್ರಬಂಧಕ್ಕೆ ಸಹಿ ಹಾಕ್ತೀನಿ. ನಾಲ್ಕೂ ಅಧ್ಯಾಯ ಇರ್ಲಿ, ಒಂದು ಅಕ್ಷರ ತೆಗೀಬೇಡ. ತಾರೀಕು ಮಾತ್ರ ಹೋದ್ವರ್ಷ ಜೂನ್ ಇಪ್ಪತ್ತು ಅಂತ ಹಾಕ್ತೀನಿ. ಆಫೀಸಲ್ಲಿ ಕಳೆದುಹೋಗಿತ್ತು, ಈಗ ಸಿಕ್ತು ಅಂತ ಆಗತ್ತೆ. ನಿಂಗೆ ಮುಂದಿನ ತಿಂಗಳೇ ಡಿಗ್ರಿ. ಪಿಎಚ್‌ಡಿಗೂ ನಾನೇ ತಗೋತೀನಿ."

ಫೈಲು ಬಿಡಿಸಿ ಕೌಂಟರಿನ ಮೇಲಿಟ್ಟರು. ಸಹಿಯ ಪುಟ. ಜೇಬಿನಿಂದ ಪೆನ್ನು ತೆಗೆದರು.

ದೀಕ್ಷಾ ಆ ಪುಟ ನೋಡಿದಳು. ಅವಳಿಗೆ ಆ ಡಿಗ್ರಿ ಬೇಕಿತ್ತು. ಒಂದು ಮಾತು ಹೂಂ ಅಂದರೆ ಈ ಮಷೀನಿನ ಮುಂದೆ ನಿಲ್ಲುವುದು ನಾಳೆಯಿಂದ ತಪ್ಪುತ್ತದೆ. ಗೈಡ್ ಬದಲಾಯಿಸಿಕೊಡಿ ಎಂದು ಅವಳು ವಿಶ್ವವಿದ್ಯಾಲಯಕ್ಕೆ ಕೊಟ್ಟ ಅರ್ಜಿ ಎರಡು ಸಲ ವಾಪಸ್ ಬಂದಿತ್ತು. ಮೂರನೆಯದು ಈಗಷ್ಟೇ ಹೋಗಿತ್ತು. ಅದಕ್ಕೆ ತೀರ್ಪಿನ ಪ್ರತಿ ಲಗತ್ತಿಸಿದ್ದಳು. ಸ್ವೀಕಾರವಾದರೂ ಇನ್ನೊಂದು ವರ್ಷ. ಆಗದಿದ್ದರೆ ಯಾವ ವರ್ಷವೋ.

"ಹೋದ್ವರ್ಷ ಜೂನ್ ಇಪ್ಪತ್ತಕ್ಕೆ ನಮ್ಮವ್ವ ಎಲ್ಲಿದ್ಲು ಗೊತ್ತಾ ಸರ್?" ಅವಳು ದನಿ ತಗ್ಗಿಸಲಿಲ್ಲ. "ಜಾಮೀನಿಗೆ ಅಲೀತಾ ಇದ್ಲು. ನಿಮ್ಮ ವರದಿಯಿಂದ. ಅವತ್ತೇ ನೀವು ನನ್ನ ನಾಲ್ಕನೇ ಅಧ್ಯಾಯ ಒಪ್ಪಿಕೊಂಡಿದ್ರಿ ಅಂತ ನಾನು ಸಾಕ್ಷಿ ಹೇಳ್ಬೇಕಾ?"

"ನಿನ್ನ ಭವಿಷ್ಯದ ಪ್ರಶ್ನೆ ಇದು."

"ಅಲ್ಲ ಸರ್. ನಿಮ್ದು."

ಮಷೀನು ಓಡುತ್ತಲೇ ಇತ್ತು. ಯಶವಂತ ಪೆನ್ನು ಹಿಡಿದು ನಿಂತೇ ಇದ್ದರು. ದೀಕ್ಷಾ ಫೈಲು ಮುಚ್ಚಿ ಅವರ ಕಡೆ ತಳ್ಳಿದಳು.

"ಜೆರಾಕ್ಸ್ ಏನಾದ್ರೂ ಬೇಕಿತ್ತಾ?" ಎಂದು ಕೇಳಿದಳು. "ಇಲ್ಲಾಂದ್ರೆ ಸರೀರಿ. ಹಿಂದೆ ಜನ ನಿಂತಿದಾರೆ."